ಆ ಗೊರಕೆ ನಿದ್ದೆಯದಲ್ಲ

ಓದುಗರ ಪ್ರಶ್ನೆ, ತುರ್ತು ಸೇವೆಯವರ ಉತ್ತರ

ಅಪಘಾತವಿರಲಿ, ಹಾವು ಕಡಿತವಿರಲಿ, ವಿಷ ಕುಡಿದದ್ದಿರಲಿ, ಸ್ಥಳಕ್ಕೆ ಮೊದಲು ತಲುಪಿದವರು ಮೊದಲು ನೋಡಬೇಕಾದದ್ದು ಒಂದೇ: ಬಾಯಿ ಮೂಗಿನಿಂದ ಶ್ವಾಸಕೋಶದವರೆಗೆ ಗಾಳಿಯ ದಾರಿ ತೆರೆದಿದೆಯೇ? ಈ ವಿಷಯಕ್ಕೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಆಂಬುಲೆನ್ಸ್ ಸಿಬ್ಬಂದಿ, ಹೆದ್ದಾರಿ ಗಸ್ತಿನವರು, ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಬರೆದಿದ್ದಾರೆ. ಒಂದೇ ಧಾಟಿಯ ಪತ್ರಗಳನ್ನು ಒಂದಾಗಿಸಿದ್ದೇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಇದು ಓದಿ ಬರುವ ವಿದ್ಯೆಯಲ್ಲ. ತರಬೇತಿಯ ಗೊಂಬೆಯ ಮೇಲೆ ಕೈ ಪಳಗಿದವರಿಗೆ ಈ ಉತ್ತರಗಳು ನೆನಪಿನ ಚೀಟಿ. ಪಳಗದವರು ಮೊದಲು ತರಬೇತಿಗೆ ಹೆಸರು ಕೊಡಿ.

ಬೈಕಿನಿಂದ ಬಿದ್ದ ಸವಾರನಿಗೆ ಪ್ರಜ್ಞೆ ಇರಲಿಲ್ಲ. ಮುಖವೆಲ್ಲ ಮುಚ್ಚುವ ಹೆಲ್ಮೆಟ್, ಒಳಗಿನಿಂದ ಜೋರು ಗೊರಕೆ. ಕುತ್ತಿಗೆ ಮುರಿದಿದ್ದರೆ ಅಲುಗಿಸಬಾರದು ಎಂದು ಕಲಿಸಿದ್ದಾರೆ. ಹಾಗಾಗಿ ಮುಟ್ಟದೆ ಆಂಬುಲೆನ್ಸ್‌ಗೆ ಕಾದೆವು. ಸರಿ ಮಾಡಿದೆವೇ ಸರ್?
*ಹೆದ್ದಾರಿ ಗಸ್ತು ಸಿಬ್ಬಂದಿ, ಚಿತ್ರದುರ್ಗ*

ಕುತ್ತಿಗೆಯ ಬಗ್ಗೆ ಎಚ್ಚರ ಸರಿ. ಆ ಗೊರಕೆ ಕೇಳಿಯೂ ಕಾದದ್ದು ಸರಿಯಲ್ಲ. ಪ್ರಜ್ಞೆ ತಪ್ಪಿದವರ ದವಡೆಯ ಸ್ನಾಯುಗಳು ಸಡಿಲವಾಗುತ್ತವೆ. ಅಂಗಾತ ಬಿದ್ದಿದ್ದರೆ ನಾಲಿಗೆಯ ಬುಡ ಹಿಂದಕ್ಕೆ ಜಾರಿ ಗಂಟಲಿನ ಹಿಂಗೋಡೆಗೆ ಆನುತ್ತದೆ. ಉಳಿದ ಸಂದಿಯಲ್ಲಿ ಗಾಳಿ ತೂರಿಕೊಂಡು ಹೋಗುವ ಸದ್ದೇ ಆ ಗೊರಕೆ. ಅಂದರೆ ದಾರಿ ಅರ್ಧ ಮುಚ್ಚಿದೆ. ಸುತ್ತ ನಿಂತವರು ‘ಪಾಪ, ನಿದ್ದೆ ಹತ್ತಿದೆ’ ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತರೆ ‘ಈಗ ಸರಿಹೋಯಿತು’ ಎನ್ನುತ್ತಾರೆ. ನಿಮ್ಮ ಕೈ ತಾಗದೆ ಗೊರಕೆ ನಿಂತಿತೆಂದರೆ ಹೆಚ್ಚಿನ ಸಲ ದಾರಿ ಪೂರ್ತಿ ಮುಚ್ಚಿತು ಎಂದೇ ಲೆಕ್ಕ.

ಹೆಲ್ಮೆಟ್ ಇದ್ದರೆ ಮೊದಲು ಮುಂದಿನ ಗಾಜು ಮೇಲೆತ್ತಿ. ಹೆಲ್ಮೆಟ್ ಹಾಕಿದ್ದಾಗಲೂ ದವಡೆಗೆ ಕೈ ಸಿಕ್ಕಿ ಉಸಿರು ಸಲೀಸಾಗಿ ಬಂದರೆ ತೆಗೆಯುವ ಆತುರ ಬೇಡ. ಮುಖಪೂರ್ತಿ ಹೆಲ್ಮೆಟ್‌ನಲ್ಲಿ ಸಾಮಾನ್ಯವಾಗಿ ಕೈ ಸಿಗುವುದಿಲ್ಲ. ಆಗ ತೆಗೆಯಲೇಬೇಕು, ಅದಕ್ಕೆ ಇಬ್ಬರು ಬೇಕು. ಒಬ್ಬರು ತಲೆಯ ಕಡೆ ಮಂಡಿಯೂರಿ ಹೆಲ್ಮೆಟ್ಟಿನ ಎರಡೂ ಬದಿ ಹಿಡಿದು ತಲೆ ಹೊರಳದಂತೆ ನಿಲ್ಲಿಸಬೇಕು. ಇನ್ನೊಬ್ಬರು ಗದ್ದದ ಕೆಳಗಿನ ಪಟ್ಟಿ ಬಿಚ್ಚಲಿ. ಬಿಚ್ಚಲು ಬರದಿದ್ದರೆ ಕತ್ತರಿಸಲಿ. ಬಿಚ್ಚಿದವರು ಒಂದು ಕೈಯಲ್ಲಿ ದವಡೆ ಹಿಡಿಯಬೇಕು, ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ. ಇನ್ನೊಂದು ಕೈಯನ್ನು ಕುತ್ತಿಗೆಯ ಅಡಿಗೆ ತೂರಿಸಿ ತಲೆಯ ಹಿಂಬುರುಡೆಗೆ ಆಸರೆ ಕೊಡಬೇಕು. ಈಗ ತಲೆಯ ಭಾರ ಇವರ ಕೈಯಲ್ಲಿದೆ. ಮೇಲಿರುವವರು ಹೆಲ್ಮೆಟ್ಟಿನ ಬದಿಗಳನ್ನು ಹೊರಕ್ಕೆ ಅಗಲಿಸಿ, ಮೂಗು ತಪ್ಪುವಷ್ಟು ಮಾತ್ರ ಹಿಂದಕ್ಕೆ ಓರೆ ಮಾಡಿ, ಆಮೇಲೆ ಹಿಂಬುರುಡೆ ತಪ್ಪಲು ಮುಂದಕ್ಕೆ ಓರೆ ಮಾಡಿ ಎಳೆಯಬೇಕು. ಎಡವಟ್ಟಾಗುವ ಜಾಗ ಇದೇ. ಹೆಲ್ಮೆಟ್ ಹೊರಬಂದ ಕ್ಷಣ ತಲೆ ದೊಪ್ಪನೆ ನೆಲಕ್ಕೆ ಬೀಳುತ್ತದೆ, ಕೆಳಗಿನ ಕೈ ಅದಕ್ಕೆ ಸಿದ್ಧವಿರುವುದಿಲ್ಲ. ‘ಬಂತು, ಹಿಡಿ’ ಎಂದು ಬಾಯಿಬಿಟ್ಟು ಹೇಳಿ.

ನಂತರ ದವಡೆ ಎತ್ತುವುದು. ತಲೆಯ ಕಡೆಯಿಂದಲೇ, ಮೊಣಕೈ ನೆಲಕ್ಕೆ ಊರಿ, ಕಿವಿಯ ಕೆಳಗೆ ದವಡೆ ತಿರುಗುವ ಮೂಲೆಯ ಹಿಂದೆ ಎರಡೂ ಕಡೆ ಬೆರಳಿಟ್ಟು ದವಡೆಯನ್ನು ಆಕಾಶದ ಕಡೆ ಎತ್ತಿ. ಕೆಳಗಿನ ಹಲ್ಲು ಮೇಲಿನ ಹಲ್ಲಿಗಿಂತ ಮುಂದೆ ಬರಬೇಕು. ದವಡೆಗೆ ಅಂಟಿದ ನಾಲಿಗೆ ಅದರ ಜೊತೆಗೇ ಮುಂದೆ ಬರುತ್ತದೆ, ಗೊರಕೆ ನಿಲ್ಲುತ್ತದೆ. ಹೀಗೆ ಎತ್ತಿಯೂ ದಾರಿ ತೆರೆಯದಿದ್ದರೆ ಹಣೆ ಹಿಂದಕ್ಕೆ, ಗದ್ದ ಮೇಲಕ್ಕೆ ಎನ್ನುವ ಸಾಮಾನ್ಯ ಕ್ರಮಕ್ಕೆ ಹೋಗಿ, ತೆರೆಯುವಷ್ಟೇ, ನಿಧಾನವಾಗಿ. ಕುತ್ತಿಗೆಗೆ ಪೆಟ್ಟಾಗಿರಬಹುದು ಎಂಬುದು ಅನುಮಾನ. ಗಾಳಿ ಹೋಗುತ್ತಿಲ್ಲ ಎಂಬುದು ಕಣ್ಣೆದುರಿನ ಸತ್ಯ.

ಕೇಸು, ಕೋರ್ಟು ಎಂಬ ಅಳುಕಿಗೂ ಒಂದು ಮಾತು: ಅಪಘಾತಕ್ಕೊಳಗಾದವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ.

ಕುಸಿದು ಬಿದ್ದವರು ಆಗಾಗ ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದರು. ಉಸಿರಿದೆಯಲ್ಲ ಎಂದು ಪಕ್ಕಕ್ಕೆ ಮಲಗಿಸಿದೆ. ಆಮೇಲೆ ಬಂದವರು ಎದೆ ಒತ್ತಬೇಕಿತ್ತು ಎಂದರು.
*ಗೃಹರಕ್ಷಕ ದಳದ ಸದಸ್ಯ, ಹಾಸನ*

ಬಂದವರು ಹೇಳಿದ್ದು ಸರಿ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಮಿದುಳಿನ ಬುಡದಿಂದ ಹೊರಡುವ ಕಡೆಯ ಸಂಜ್ಞೆಗಳು ಅವು. ದಡದ ಮೇಲೆ ಬಿದ್ದ ಮೀನಿನಂತೆ ಬಾಯಿ ತೆರೆಯುತ್ತದೆ, ದವಡೆ ಅಲುಗುತ್ತದೆ, ಎದೆ ಸರಿಯಾಗಿ ಏಳುವುದಿಲ್ಲ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಹಳ ಅಂತರ. ಅದನ್ನು ಉಸಿರು ಎಂದು ಎಣಿಸಬೇಡಿ. ಕರೆದರೆ ಓಗೊಡುತ್ತಿಲ್ಲ, ಉಸಿರು ಸಹಜವಾಗಿಲ್ಲ ಎಂದರೆ ಅಷ್ಟು ಸಾಕು. ನೋಡಲು 10 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳದೆ 108ಕ್ಕೆ ಕರೆ ಮಾಡಿಸಿ ಎದೆಯ ನಡುವೆ ಒತ್ತಲು ಶುರುಮಾಡಿ: 5 ಸೆಂ.ಮೀ. ಆಳ, 6 ದಾಟದಂತೆ, ನಿಮಿಷಕ್ಕೆ 100ರಿಂದ 120. ಉಸಿರು ಕೊಡುವ ತರಬೇತಿ ಮತ್ತು ಸಾಧನ ಇದ್ದರೆ 30 ಒತ್ತಿಗೆ 2 ಉಸಿರು. ಇಲ್ಲವಾದರೆ ಒತ್ತುವುದನ್ನೇ ನಿಲ್ಲಿಸದೆ ಮುಂದುವರಿಸಿ.

ಗುಡೆಲ್ ಏರ್‌ವೇ (ಬಾಯಿಯೊಳಗೆ ಇಡುವ ಬಾಗಿದ ಕೊಳವೆ) ಹಾಕಿದ ಮೇಲೆ ಗೊರಕೆ ಇನ್ನೂ ಜಾಸ್ತಿಯಾಯಿತು. ಮತ್ತೊಬ್ಬರಿಗೆ ಹಾಕುತ್ತಲೇ ವಾಂತಿ. ಎಲ್ಲಿ ತಪ್ಪಿದೆ?
*ಹೊಸದಾಗಿ ಸೇರಿದ ಆಂಬುಲೆನ್ಸ್ ತಂತ್ರಜ್ಞೆ, ಕಲಬುರಗಿ*

ಮೊದಲನೆಯದರಲ್ಲಿ ಅಳತೆ ತಪ್ಪಿದೆ, ಎರಡನೆಯದರಲ್ಲಿ ಆಳು ತಪ್ಪಿದೆ.

ಅಮೆರಿಕದ ಅರಿವಳಿಕೆ ವೈದ್ಯ ಆರ್ಥರ್ ಗುಡೆಲ್ 1933ರಲ್ಲಿ ವಿವರಿಸಿದ ಈ ಬಾಗಿದ ಕೊಳವೆಯ ಕೆಲಸ ಒಂದೇ, ನಾಲಿಗೆಯನ್ನು ಗಂಟಲಿನ ಹಿಂಗೋಡೆಯಿಂದ ದೂರ ಇಡುವುದು. ಕೆನ್ನೆಯ ಮೇಲೆ ಹೊರಗಿನಿಂದಲೇ ಇಟ್ಟು ಅಳೆಯಿರಿ. ಅಂಚಿನ ತಟ್ಟೆ ಕಟವಾಯಿಯಲ್ಲಿ ಇದ್ದಾಗ ತುದಿ ದವಡೆಯ ಮೂಲೆ ಮುಟ್ಟಬೇಕು. ಚಿಕ್ಕದಾದರೆ ತುದಿ ನಾಲಿಗೆಯ ಮೇಲೇ ನಿಂತು ಅದನ್ನೇ ಹಿಂದಕ್ಕೆ ದೂಡುತ್ತದೆ. ನಿಮ್ಮ ಗೊರಕೆ ಹೆಚ್ಚಿದ್ದು ಬಹುತೇಕ ಹೀಗೆ. ದೊಡ್ಡದಾದರೆ ಕಿರುನಾಲಿಗೆಗಿಂತ ಬಹಳ ಕೆಳಗಿಳಿದು ಶ್ವಾಸನಾಳದ ಮುಚ್ಚಳವನ್ನೇ ಒತ್ತಿ ಮುಚ್ಚಬಹುದು. ದೊಡ್ಡವರಿಗೆ ಸಾಮಾನ್ಯವಾಗಿ 80, 90, 100 ಮಿ.ಮೀ.ಗಳಲ್ಲಿ ಒಂದು ಸರಿಹೋಗುತ್ತದೆ. ಬಣ್ಣ ನೋಡಿ ಎತ್ತಿಕೊಳ್ಳುವ ಅಭ್ಯಾಸ ಹಲವರಿಗಿದೆ. ಬಣ್ಣ ನೆನಪಿಗೆ, ಅಳತೆ ಕೆನ್ನೆಗೆ.

ಹಾಕುವ ಮುನ್ನ ಬಾಯೊಳಗೆ ನೋಡಿ. ಎಲೆಅಡಿಕೆ, ಗುಟ್ಕಾ, ಅಲುಗುವ ಹಲ್ಲಿನ ಸೆಟ್ ಇದ್ದರೆ ತೆಗೆಯಿರಿ. ದೊಡ್ಡವರಿಗೆ ತುದಿಯನ್ನು ಅಂಗುಳಿನ ಕಡೆ ತಿರುಗಿಸಿ ಒಳಗೆ ಬಿಟ್ಟು, ಅರ್ಧ ದಾರಿ ದಾಟಿದ ಮೇಲೆ ಪೂರ್ತಿ ಅರ್ಧ ಸುತ್ತು ತಿರುಗಿಸಿ ಕೂರಿಸಬೇಕು. ಮಕ್ಕಳಿಗೆ ಹೀಗೆ ತಿರುಗಿಸಬಾರದು, ಅವರ ಅಂಗುಳು ಎಳೆಯದು, ಗೀರಿ ರಕ್ತ ಬರುತ್ತದೆ. ನಾಲಿಗೆ ಒತ್ತುವ ಪಟ್ಟಿಯಿಂದ ನಾಲಿಗೆಯನ್ನು ಕೆಳಗೆ ಹಿಡಿದು ನೇರವಾಗಿ ಜಾರಿಸಿ. ಕೂರಿಸಿದ ಮೇಲೂ ತಲೆಯ ಓರೆ ಬಿಡುವಂತಿಲ್ಲ. ಕೊಳವೆ ಹಾಕಿದೆ ಎಂದು ಗದ್ದ ಬಿಟ್ಟುಬಿಟ್ಟರೆ ನಾಲಿಗೆ ಕೊಳವೆಯ ಬದಿಯಿಂದಲೇ ಜಾರುತ್ತದೆ.

ವಾಂತಿಯ ವಿಷಯ: ಗಂಟಲು ಮುಟ್ಟಿದರೆ ಓಕರಿಕೆ ಬರುವವರಿಗೆ ಗುಡೆಲ್ ಹಾಕಬಾರದು. ಹಾಕುವಾಗ ಕಕ್ಕಲು ನೋಡಿದರೆ ಅಲ್ಲೇ ತೆಗೆದು ಪಕ್ಕಕ್ಕೆ ಹೊರಳಿಸಿ. ಅಂಥವರಿಗೆ ಮೂಗಿನ ಮೆದು ಕೊಳವೆ ಹೊಂದುತ್ತದೆ. ಮೂಗಿನ ಹೊಳ್ಳೆಯಿಂದ ಕಿವಿಯ ಹಾಲೆಯವರೆಗೆ ಅಳೆದು, ನೀರಿನ ಜೆಲ್ ಸವರಿ, ಓರೆ ಕತ್ತರಿಸಿದ ಬಾಯಿ ಮೂಗಿನ ನಡುಗೋಡೆಯ ಕಡೆಗಿರುವಂತೆ ಹಿಡಿದು, ಮುಖಕ್ಕೆ ನೇರ ಹಿಂದಕ್ಕೆ ತಳ್ಳಬೇಕು. ಮೇಲಕ್ಕಲ್ಲ. ತಡೆ ಸಿಕ್ಕರೆ ಜೋರು ಮಾಡದೆ ಇನ್ನೊಂದು ಹೊಳ್ಳೆ ನೋಡಿ. ಮುಖ ಜಜ್ಜಿಹೋಗಿದ್ದರೆ, ಎರಡೂ ಕಣ್ಣಿನ ಸುತ್ತ ಅಥವಾ ಕಿವಿಯ ಹಿಂದೆ ಕಪ್ಪುಗಟ್ಟಿದ್ದರೆ, ಮೂಗು ಕಿವಿಯಿಂದ ನೀರಿನಂಥ ದ್ರವ ಇಳಿಯುತ್ತಿದ್ದರೆ ಮೂಗಿನ ದಾರಿ ಮರೆತುಬಿಡಿ. ಬುರುಡೆಯ ತಳ ಒಡೆದಿರಬಹುದು.

ಅಂಬು ಬ್ಯಾಗ್ (ಕೈಯಿಂದ ಹಿಸುಕಿ ಉಸಿರು ಕೊಡುವ ಚೀಲ) ಒತ್ತಿದರೆ ಎದೆ ಏಳುವುದಿಲ್ಲ, ಹೊಟ್ಟೆ ಮಾತ್ರ ಊದುತ್ತದೆ. ಮಾಸ್ಕನ್ನು ಎಷ್ಟು ಒತ್ತಿ ಹಿಡಿದರೂ ಗಾಳಿ ಸೋರುತ್ತದೆ. ಬ್ಯಾಗೇ ಕೆಟ್ಟದ್ದಿರಬಹುದೇ?
*ಖಾಸಗಿ ಆಂಬುಲೆನ್ಸ್ ಸಿಬ್ಬಂದಿ, ದಾವಣಗೆರೆ. ಇದೇ ಅರ್ಥದ ಇನ್ನೂ 2 ಪತ್ರಗಳು*

ಬ್ಯಾಗ್ ಕೆಟ್ಟಿದೆಯೋ ಇಲ್ಲವೋ ಎಂಬುದು ರೋಗಿಯ ಮುಖದ ಮೇಲೆ ಗೊತ್ತಾಗಬಾರದು, ಪಾಳಿ ಶುರುವಾಗುವಾಗಲೇ ಗೊತ್ತಾಗಬೇಕು. ಮಾಸ್ಕ್ ಕಳಚಿ, ಗಾಳಿ ಹೊರಬರುವ ಬಾಯಿಗೆ ಅಂಗೈ ಒತ್ತಿ ಬ್ಯಾಗ್ ಹಿಸುಕಿ. ಗಟ್ಟಿಯಾಗಿ ನಿಂತರೆ ಸರಿ, ಮೆತ್ತಗೆ ಕುಗ್ಗಿದರೆ ಎಲ್ಲೋ ಸೋರುತ್ತಿದೆ. ಕೈ ತೆಗೆದು ಹಿಸುಕಿದಾಗ ಒಳಗಿನ ಬಾತುಕೋಳಿ ಕೊಕ್ಕಿನಂಥ ರಬ್ಬರ್ ವಾಲ್ವ್ ತೆರೆದು ಮುಚ್ಚುವುದು ಕಾಣಬೇಕು. ತೊಳೆದು ಮತ್ತೆ ಜೋಡಿಸುವಾಗ ಈ ವಾಲ್ವನ್ನು ತಿರುವುಮುರುವಾಗಿ ಕೂರಿಸುವುದು, ಹಿಂದಿನ ರೋಗಿಯ ವಾಂತಿ ಒಣಗಿ ಅದು ಅಂಟಿಕೊಂಡಿರುವುದು, ಇವೆರಡೂ ಆಗುತ್ತಲೇ ಇರುತ್ತವೆ.

ಬ್ಯಾಗ್ ಚೆನ್ನಾಗಿದ್ದೂ ಹೀಗಾದರೆ ತೊಂದರೆ ಕೈಯಲ್ಲಿದೆ. ಮಾಸ್ಕನ್ನು ಮುಖಕ್ಕೆ ಒತ್ತಿದಷ್ಟೂ ಗದ್ದ ಎದೆಯ ಕಡೆ ಬಾಗುತ್ತದೆ, ನಾಲಿಗೆ ದಾರಿ ಮುಚ್ಚುತ್ತದೆ, ಹೋಗಲು ಜಾಗವಿಲ್ಲದ ಗಾಳಿ ಬದಿಯಿಂದ ಸೋರುತ್ತದೆ. ಸೋರಿತೆಂದು ನೀವು ಇನ್ನೂ ಒತ್ತುತ್ತೀರಿ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ: ಮಾಸ್ಕನ್ನು ಮೂಗಿನ ಸೇತುವೆಯಿಂದ ಗದ್ದದ ಕುಳಿಯವರೆಗೆ ಕೂರಿಸಿ, ಹೆಬ್ಬೆರಳು ತೋರುಬೆರಳಿನಿಂದ ಅದನ್ನು ಹಿಡಿದುಕೊಂಡು, ಉಳಿದ 3 ಬೆರಳನ್ನು ದವಡೆಯ ಮೂಳೆಯ ಕೆಳಗೆ ಕೊಕ್ಕೆ ಹಾಕಿ ಮುಖವನ್ನೇ ಮಾಸ್ಕಿನೊಳಕ್ಕೆ ಎತ್ತಬೇಕು. ಬೆರಳು ಮೂಳೆಯ ಮೇಲಿರಲಿ. ಗದ್ದದ ಕೆಳಗಿನ ಮೆದು ಭಾಗ ಒತ್ತಿದರೆ ನಾಲಿಗೆ ಕೆಳಗಿನಿಂದ ಮೇಲಕ್ಕೆ ದೂಡಿ ದಾರಿ ಮುಚ್ಚುತ್ತದೆ, ಎಳೆ ಮಕ್ಕಳಲ್ಲಂತೂ ಕೂಡಲೇ.

ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಹಿಸುಕುವುದು ಪುಸ್ತಕದ ಚಿತ್ರದಲ್ಲಿ ಚೆಂದ. ಕೈ ಚಿಕ್ಕದಿದ್ದವರಿಗೆ, ಗಡ್ಡವಿರುವ, ಹಲ್ಲಿಲ್ಲದ, ದಪ್ಪ ಮುಖದ ರೋಗಿಗೆ ಅದು ನಡೆಯುವುದಿಲ್ಲ. ಇಬ್ಬರಿದ್ದರೆ ಒಬ್ಬರು ಎರಡೂ ಕೈಯಲ್ಲಿ ಮಾಸ್ಕ್ ಮತ್ತು ದವಡೆ ಹಿಡಿಯಲಿ, ಇನ್ನೊಬ್ಬರು ಹಿಸುಕಲಿ. ಅನುಭವವಿರುವವರು ಮಾಸ್ಕಿಗೆ, ಹೊಸಬರು ಬ್ಯಾಗಿಗೆ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ, ಬ್ಯಾಗ್ ಒತ್ತುವವರೇ ದೊಡ್ಡವರು ಎನ್ನುವಂತೆ. ಗಟ್ಟಿ ಕೂರುವ ಹಲ್ಲಿನ ಸೆಟ್ ಇದ್ದರೆ ಬಾಯಲ್ಲೇ ಇರಲಿ, ಕೆನ್ನೆಗೆ ಆಕಾರ ಸಿಗುತ್ತದೆ. ಗಡ್ಡಕ್ಕೆ ಜೆಲ್ ಸವರಿದರೆ ಸೋರುವುದು ಕಡಿಮೆಯಾಗುತ್ತದೆ. ದೊಡ್ಡವರ ತಲೆಯಡಿ ಮಡಿಸಿದ ಬೆಡ್‌ಶೀಟ್ ಇಟ್ಟು ಕಿವಿಯ ತೂತು ಎದೆಮೂಳೆಯ ಮೇಲಂಚಿನ ಮಟ್ಟಕ್ಕೆ ಬರುವಂತೆ ಮಾಡಿ. ಕೂಸಿಗೆ ಹಿಂದಲೆ ದೊಡ್ಡದಾದ್ದರಿಂದ ತಲೆಯ ಬದಲು ಭುಜದಡಿ ತೆಳು ಬಟ್ಟೆ ಇಡಬೇಕು, ಮುಖ ನೇರ ಆಕಾಶ ನೋಡುವಂತೆ.

ಇನ್ನು ಹೊಟ್ಟೆ. ದೊಡ್ಡವರ ಬ್ಯಾಗಿನಲ್ಲಿ ಸುಮಾರು ಒಂದೂವರೆ ಲೀಟರ್ ಗಾಳಿ ಇರುತ್ತದೆ, ರೋಗಿಗೆ ಬೇಕಾದದ್ದು 500ರಿಂದ 600 ಮಿ.ಲೀ. ಮಾತ್ರ. ಎರಡೂ ಕೈಯಿಂದ ಹಿಂಡಿ ಬರಿದುಮಾಡಿದರೆ ಗಂಟಲಿನಲ್ಲಿ ಒತ್ತಡ ಏರಿ ಅನ್ನನಾಳದ ಬಾಗಿಲು ತೆರೆಯುತ್ತದೆ. ಗಾಳಿ ಹೊಟ್ಟೆಗೆ, ಹೊಟ್ಟೆಯಲ್ಲಿದ್ದ ಮುದ್ದೆ ಸಾರು ಗಂಟಲಿಗೆ, ಅಲ್ಲಿಂದ ಶ್ವಾಸಕೋಶಕ್ಕೆ. ಊದಿದ ಹೊಟ್ಟೆ ವಪೆಯನ್ನು, ಅಂದರೆ ಎದೆ ಹೊಟ್ಟೆಗಳ ನಡುವಿನ ಸ್ನಾಯುಪದರವನ್ನು, ಮೇಲಕ್ಕೆ ದೂಡಿ ಶ್ವಾಸಕೋಶಕ್ಕೂ ಜಾಗ ಇಲ್ಲದಂತೆ ಮಾಡುತ್ತದೆ. ಒಂದು ಸೆಕೆಂಡಿನಷ್ಟು ಹೊತ್ತು ಮೆಲ್ಲಗೆ ಹಿಸುಕಿ, ಎದೆ ಏಳುತ್ತಿದೆ ಎಂದು ಕಂಡ ಕೂಡಲೇ ಬಿಡಿ. ನಾಡಿ ಇರುವ ದೊಡ್ಡವರಿಗೆ 6 ಸೆಕೆಂಡಿಗೆ ಒಂದು, ಮಕ್ಕಳಿಗೆ 2–3 ಸೆಕೆಂಡಿಗೆ ಒಂದು. ಗಾಬರಿಯಲ್ಲಿ ಎಲ್ಲರ ಕೈಯೂ ಓಡುತ್ತದೆ, ನಿಮಿಷಕ್ಕೆ 30ರವರೆಗೂ. ಬಾಯಲ್ಲಿ ‘ಒಂದು, ಎರಡು…’ ಎಣಿಸಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಊದಿದ ಹೊಟ್ಟೆಯನ್ನು ಕೈಯಿಂದ ಒತ್ತಿ ಇಳಿಸಲು ಮಾತ್ರ ಹೋಗಬೇಡಿ. ಗಾಳಿಯ ಜೊತೆ ಊಟವೂ ಬರುತ್ತದೆ.

ನಮ್ಮ ಊರಿನಲ್ಲಿ ನೆಲದ ಮೇಲೆ ಮಲಗಿದ್ದ ಹೆಂಗಸಿಗೆ ಬೆಳಗಿನ ಜಾವ ಹೊಟ್ಟೆನೋವು. ಗಾಯ ಊತ ಏನೂ ಕಾಣಲಿಲ್ಲ. ಆಮೇಲೆ ರೆಪ್ಪೆ ಎತ್ತಲಾಗಲಿಲ್ಲ, ಜೊಲ್ಲು ಸುರಿಯತೊಡಗಿತು. ಕಟ್ಟುಹಾವು ಎಂದರು. ಮೇಡಂ, ಆಸ್ಪತ್ರೆ 40 ಕಿ.ಮೀ. ದೂರ. ದಾರಿಯಲ್ಲಿ ನಾವೇನು ಮಾಡಬಹುದು?
*ಆಶಾ ಕಾರ್ಯಕರ್ತೆ, ಹಾವೇರಿ ಜಿಲ್ಲೆ*

ನೀವು ಬರೆದಿರುವುದು ಕಟ್ಟುಹಾವಿನ ಕಡಿತದ ತದ್ರೂಪು ಚಿತ್ರ. ರಾತ್ರಿ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ ಗುರುತು ಹುಡುಕಿದರೂ ಸಿಗದಿರಬಹುದು. ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶ ಕಡಿಯುತ್ತದೆ. ಮೊದಲು ರೆಪ್ಪೆ, ಆಮೇಲೆ ಮಾತು, ನುಂಗುವುದು, ಕುತ್ತಿಗೆ, ಕೊನೆಗೆ ಉಸಿರಾಟದ ಸ್ನಾಯು. ಜೊಲ್ಲು ಹೆಚ್ಚು ಹುಟ್ಟುತ್ತಿಲ್ಲ, ನುಂಗಲು ಆಗುತ್ತಿಲ್ಲ, ಅಷ್ಟೇ. ಅಂಗಾತ ಮಲಗಿಸಿದರೆ ಆ ಜೊಲ್ಲೇ ಗಂಟಲು ತುಂಬುತ್ತದೆ. ಆದ್ದರಿಂದ ಎಡಮಗ್ಗುಲಿಗೆ ಹೊರಳಿಸಿ, ಮೇಲಿನ ಮಂಡಿ ಮಡಿಸಿ, ಬಾಯಿ ಕೆಳಮುಖವಾಗಿ ಜೊಲ್ಲು ತಾನೇ ಹರಿದುಹೋಗುವಂತೆ ಮಲಗಿಸಿ. ಬಾಯಿಗೆ ನೀರು, ಸೊಪ್ಪಿನ ರಸ, ಔಷಧ ಯಾವುದೂ ಬೇಡ. ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು ಬೇಡವೇ ಬೇಡ.

ದಾರಿಯುದ್ದಕ್ಕೂ 5 ನಿಮಿಷಕ್ಕೊಮ್ಮೆ ಮೂರು ಪರೀಕ್ಷೆ ಮಾಡಿ. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ? ದಿಂಬಿನಿಂದ ತಲೆ ಎತ್ತಬಲ್ಲರೇ? ಮೇಲೆ ನೋಡಿದಾಗ ರೆಪ್ಪೆ ಎಷ್ಟು ಹೊತ್ತು ನಿಲ್ಲುತ್ತದೆ? ಮೊದಲ ಸಲ 25ರವರೆಗೆ ಎಣಿಸಿದವರು ಆಮೇಲೆ 12ಕ್ಕೇ ನಿಲ್ಲಿಸಿದರೆ ಬೆರಳಿನ ಆಕ್ಸಿಮೀಟರ್ 97 ತೋರಿಸಿದರೂ ನೆಚ್ಚಬೇಡಿ. ಆಮ್ಲಜನಕ ಕೊಡುತ್ತಿರುವಾಗ ಆ ಅಂಕಿ ಬೀಳುವುದು ಬಹಳ ತಡವಾಗಿ. ಉಸಿರು ಮೇಲ್ಮೇಲೆ, ಸಣ್ಣಗಾದರೆ ಪೂರ್ತಿ ನಿಲ್ಲಲಿ ಎಂದು ಕಾಯದೆ ಆಂಬುಲೆನ್ಸ್ ಸಿಬ್ಬಂದಿ ಬ್ಯಾಗ್ ಹಿಡಿಯಬೇಕು. ಅವರು ಎಳೆಯುವ ಉಸಿರಿಗೆ ಹೊಂದಿಸಿ ಒತ್ತಬೇಕು. ಇಂಥ ರೋಗಿಯನ್ನು ಗಂಟೆಗಟ್ಟಲೆ ಕೈಯಿಂದಲೇ ಉಸಿರಾಡಿಸಿ ಉಳಿಸಿಕೊಳ್ಳಬಹುದು, ಏಕೆಂದರೆ ಶ್ವಾಸಕೋಶವೂ ಹೃದಯವೂ ಚೆನ್ನಾಗಿವೆ, ಕೈಕೊಟ್ಟಿರುವುದು ಸ್ನಾಯು ಮಾತ್ರ. ಹಾವಿನ ವಿಷ ಇಳಿಸುವ ಚುಚ್ಚುಮದ್ದು ಕೊಟ್ಟ ಮೇಲೂ ಕಟ್ಟುಹಾವಿನ ಲಕ್ವ ಕೂಡಲೇ ಬಿಡುವುದಿಲ್ಲ. ಆದ್ದರಿಂದ ದಾರಿಯಲ್ಲಿ ಚುಚ್ಚುಮದ್ದಿನ ಬಳಿಕವೂ ಬ್ಯಾಗ್ ಕೆಳಗಿಡುವಂತಿಲ್ಲ. ವೆಂಟಿಲೇಟರ್ ಇರುವ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿಸಿ.

ಇನ್ನೊಂದು ವಿಷಯ, ಎಲ್ಲರಿಗೂ ಗೊತ್ತಿರಲಿ. ಈ ಲಕ್ವದಲ್ಲಿ ಕಣ್ಣಿನ ಪಾಪೆ ಅಗಲವಾಗಿ, ಬೆಳಕಿಗೂ ಕುಗ್ಗದೆ ನಿಲ್ಲಬಹುದು. ಕೈಕಾಲು ಅಲುಗುವುದಿಲ್ಲ, ಕರೆದರೆ ಉತ್ತರವಿಲ್ಲ. ಸತ್ತಂತೆಯೇ ಕಾಣುತ್ತಾರೆ. ಆದರೆ ಕಿವಿ ಕೇಳುತ್ತಿರುತ್ತದೆ, ಅರಿವು ಇರುತ್ತದೆ. ಅವರ ಮುಂದೆ ‘ಆಯ್ತು ಬಿಡಿ’ ಎನ್ನುವುದು ಬೇಡ. ‘ಅಕ್ಕ, ಉಸಿರು ಕೊಡ್ತಾ ಇದ್ದೀವಿ, ಆಸ್ಪತ್ರೆ ಹತ್ರ ಬಂತು’ ಎಂದು ಹೇಳುತ್ತಿರಿ.

ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಹಾಗಾಗಿ ನಿಮ್ಮ ಆರೋಗ್ಯ ಕೇಂದ್ರದಲ್ಲಿ ಈ ಪ್ರಕರಣ ದಾಖಲಾಯಿತೇ ಎಂದು ಕೇಳಿ ನೋಡಿ.

ಹೊಲಕ್ಕೆ ಹೊಡೆಯುವ ಔಷಧಿ ಕುಡಿದವರ ಬಾಯಲ್ಲಿ ನೊರೆ. ಸಕ್ಷನ್ (ಬಾಯೊಳಗಿನ ದ್ರವ ಎಳೆಯುವ ಯಂತ್ರ) ಹಾಕಿದಷ್ಟೂ ಬರುತ್ತದೆ. ಎಷ್ಟು ಹೊತ್ತು ಹಾಕಬಹುದು?
*ಆಂಬುಲೆನ್ಸ್ ಸಿಬ್ಬಂದಿ, ರಾಯಚೂರು*

ಒಂದು ಸಲಕ್ಕೆ ದೊಡ್ಡವರಿಗೆ 10ರಿಂದ 15 ಸೆಕೆಂಡು, ಮಕ್ಕಳಿಗೆ 10, ಕೂಸುಗಳಿಗೆ 5. ನೀವು ದ್ರವದ ಜೊತೆ ಉಸಿರನ್ನೂ ಎಳೆಯುತ್ತಿದ್ದೀರಿ ಎಂಬುದು ನೆನಪಿರಲಿ. ನಿಮ್ಮದೇ ಉಸಿರು ಹಿಡಿದುಕೊಂಡು ಶುರುಮಾಡಿ. ನಿಮಗೆ ಕಷ್ಟವಾದಾಗ ಅವರಿಗೂ ಆಗಿದೆ. ಗಟ್ಟಿ ತುದಿಯ ನಳಿಕೆಯನ್ನು ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಒಳಗೆ ಬಿಟ್ಟು, ಹೊರಗೆ ತೆಗೆಯುತ್ತಾ ಎಳೆಯಬೇಕು. ಅಕ್ಕಿ ಅಗುಳು ಸಿಕ್ಕಿಕೊಂಡು ನಳಿಕೆ ಕಟ್ಟಿದರೆ ಅದನ್ನೇ ಕೆರೆಯುತ್ತಾ ಕೂರದೆ ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಕೈಗವಸಿನ ಬೆರಳಿಗೆ ಬಟ್ಟೆ ಸುತ್ತಿ ಕಾಣುವುದನ್ನು ಬಳಿದು ತೆಗೆಯಿರಿ. ಪಕ್ಕದಲ್ಲಿ ಸದಾ ಒಂದು ಬಾಟಲಿ ನೀರು ಇರಲಿ, ನಳಿಕೆಗೆ ಎಳೆದು ತೊಳೆಯಲು.

ಈ ನೊರೆ ಬಾಯಲ್ಲಿ ಮಾತ್ರವಲ್ಲ, ಶ್ವಾಸನಾಳದ ಒಳಗೂ ಉಕ್ಕುತ್ತಿರುತ್ತದೆ. ಅದನ್ನು ಒಣಗಿಸುವುದು ಅಟ್ರೋಪಿನ್ ಎಂಬ ಔಷಧ, ಸಕ್ಷನ್ ಅಲ್ಲ. ವೈದ್ಯರ ಸೂಚನೆ ಬೇಗ ಪಡೆಯಿರಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಡಿ. ಕೈಗವಸು ಹಾಕಿ, ವಿಷ ಚೆಲ್ಲಿದ ಬಟ್ಟೆ ಬಿಚ್ಚಿಸಿ, ಆಂಬುಲೆನ್ಸ್ ಕಿಟಕಿ ತೆರೆದಿಡಿ. ಕುಡಿದ ಡಬ್ಬಿಯನ್ನು ಜೊತೆಗೆ ಒಯ್ಯಲು ಮರೆಯಬೇಡಿ.

ಅಂಗನವಾಡಿಯಲ್ಲಿ ಮಗುವಿನ ಗಂಟಲಲ್ಲಿ ಕಡಲೆಬೀಜ ಸಿಕ್ಕರೆ ಬೆರಳು ಹಾಕಿ ತೆಗೆಯಬಹುದೇ?
*ಅಂಗನವಾಡಿ ಕಾರ್ಯಕರ್ತೆ, ಮಂಡ್ಯ*

ಕಣ್ಣಿಗೆ ಕಾಣದಿದ್ದರೆ ಬೆರಳು ಹಾಕಬೇಡಿ, ಇನ್ನೂ ಆಳಕ್ಕೆ ತಳ್ಳುತ್ತೀರಿ. ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಕೆಮ್ಮಲು ಬಿಡಿ, ಬೆನ್ನು ಸವರುತ್ತಾ ನಿಲ್ಲಬೇಡಿ, ನೀರು ಕುಡಿಸಬೇಡಿ. ಕೆಮ್ಮಿಗೆ ಸದ್ದಿಲ್ಲ, ಅಳು ಹೊರಬರುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಎಂದರೆ ತಡಮಾಡುವಂತಿಲ್ಲ. ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಾಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಏಟು, ಹೋಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತು. ಹೀಗೆ ಒಂದಾದ ಮೇಲೊಂದು. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಬಾರದು, ಈಲಿಗೆ ಪೆಟ್ಟಾಗುತ್ತದೆ. ಮುಂಗೈ ಮೇಲೆ ತಲೆ ತಗ್ಗಿಸಿ ಬೋರಲು ಮಲಗಿಸಿ ಬೆನ್ನಿಗೆ 5, ತಿರುಗಿಸಿ ಎದೆಮೂಳೆಯ ಮೇಲೆ 5. ಈ ಎದೆಯ ಒತ್ತನ್ನು ಹಿಂದೆ ಎರಡು ಬೆರಳಿನಿಂದ ಎಂದು ಕಲಿಸುತ್ತಿದ್ದರು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2025ರ ಮಾರ್ಗಸೂಚಿ ಒಂದು ಅಂಗೈಯ ಬುಡದಿಂದ ಎನ್ನುತ್ತದೆ. ಮಗು ಸೋತು ಜೋತುಬಿದ್ದರೆ ನೆಲಕ್ಕೆ ಮಲಗಿಸಿ ಎದೆ ಒತ್ತಲು ಶುರುಮಾಡಿ, ಉಸಿರು ಕೊಡುವ ಮುನ್ನ ಪ್ರತಿ ಸಲವೂ ಬಾಯೊಳಗೆ ನೋಡಿ, ಕಂಡರೆ ಮಾತ್ರ ತೆಗೆಯಿರಿ. ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆ ಒತ್ತಬೇಕು.

ಕಡಲೆಬೀಜ ಹೊರಬಂದ ಮೇಲೂ ಕೆಮ್ಮು ಉಳಿದರೆ ಅಥವಾ ಒಂದೇ ಕಡೆ ಸುಂಯ್ ಎನ್ನುವ ಸದ್ದು ಬಂದರೆ ಚೂರು ಒಳಗೆ ಇದೆ ಎಂದು ತಿಳಿದು ಆಸ್ಪತ್ರೆಗೆ ಕಳಿಸಿ. ಚಿಕ್ಕ ಮಕ್ಕಳಿಗೆ ಇಡೀ ಬೀಜ, ಹುರಿಗಡಲೆ ಕೊಡುವುದನ್ನೇ ನಿಲ್ಲಿಸಿದರೆ ಇಷ್ಟೆಲ್ಲ ಓದುವ ಕೆಲಸವೇ ಇರುವುದಿಲ್ಲ. ಪುಡಿಮಾಡಿ ಕೊಡಿ.

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುತ್ತಾರೆ, ಹಲ್ಲಿನ ನಡುವೆ ಚಮಚ ಇಡುತ್ತಾರೆ. ನಾಲಿಗೆ ನುಂಗಿಬಿಡುತ್ತಾರೆ ಎನ್ನುವುದು ನಿಜವೇ?
*ಕಾಲೇಜು ವಿದ್ಯಾರ್ಥಿ, ಧಾರವಾಡ*

ನಾಲಿಗೆಯನ್ನು ಯಾರೂ ನುಂಗಲಾರರು. ಚಮಚದಿಂದ ಹಲ್ಲು ಮುರಿದು ಅದು ಗಂಟಲಿಗೆ ಬೀಳುತ್ತದೆ. ಬೀಗದ ಕೈಯಿಂದ ಲಾಭವಿಲ್ಲ. ಹೆಚ್ಚಿನ ಸೆಳೆತ ಕೆಲವು ನಿಮಿಷಕ್ಕೆ ತಾನೇ ನಿಲ್ಲುತ್ತದೆ, ಹೆಸರು ಕಬ್ಬಿಣಕ್ಕೆ ಹೋಗುತ್ತದೆ. ತಲೆಯಡಿ ಮೆತ್ತಗಿನದೇನಾದರೂ ಇಟ್ಟು, ಸೆಳೆತ ಇಳಿದ ಕೂಡಲೇ ಪಕ್ಕಕ್ಕೆ ಹೊರಳಿಸಿ ಬಾಯಿಯ ನೊರೆ ಹರಿಯಲು ಬಿಡಿ. 5 ನಿಮಿಷ ದಾಟಿದರೆ 108.

ಸಮುದ್ರದಿಂದ ಎತ್ತಿದವರ ಹೊಟ್ಟೆ ಒತ್ತಿ ನೀರು ತೆಗೆಸಬೇಕೇ?
*ಜೀವರಕ್ಷಕ, ಗೋಕರ್ಣ*

ಬೇಡ. ಹೊಟ್ಟೆಯ ನೀರು ಶ್ವಾಸಕೋಶಕ್ಕೆ ಹೋಗುತ್ತದೆ ಅಷ್ಟೆ. ತಲೆಕೆಳಗು ಮಾಡಿ ತಿರುಗಿಸುವುದೂ ಬೇಡ, ಉಪ್ಪಿನ ರಾಶಿಯಲ್ಲಿ ಹೂಳಿದರೆ ಬದುಕುತ್ತಾರೆ ಎನ್ನುವ ಮೊಬೈಲ್ ಸಂದೇಶವಂತೂ ಶುದ್ಧ ಸುಳ್ಳು. ಮುಳುಗಿದವರಲ್ಲಿ ಮೊದಲು ಕೊರತೆಯಾದದ್ದು ಗಾಳಿ. ಆದ್ದರಿಂದ ಇಲ್ಲಿ ಉಸಿರು ಕೊಡುವುದರಿಂದಲೇ ಶುರು, ಆಮೇಲೆ ಎದೆ ಒತ್ತುವುದು. ಬಾಯಿಂದ ಬಿಳಿ ನೊರೆ ಬರುತ್ತಲೇ ಇದ್ದರೆ ಅದನ್ನು ಒರೆಸುತ್ತಾ ನಿಲ್ಲದೆ ಅದರ ಮೇಲೆಯೇ ಉಸಿರು ಕೊಡಿ.

ಸಿಲಿಂಡರಿನ ಮುಳ್ಳು 50 ತೋರಿಸುತ್ತಿತ್ತು, ಅರ್ಧ ಗಂಟೆ ಬರುತ್ತದೆ ಎಂದುಕೊಂಡೆವು. ಘಾಟಿ ಇಳಿಯುವ ಮೊದಲೇ ಖಾಲಿ. ಲೆಕ್ಕ ಹಾಕುವುದು ಹೇಗೆ?
*ಆಂಬುಲೆನ್ಸ್ ಪೈಲಟ್ (ಚಾಲಕ), ದಕ್ಷಿಣ ಕನ್ನಡ*

ಮುಳ್ಳು ತೋರಿಸುವುದು ಒತ್ತಡ, ಲೀಟರ್ ಅಲ್ಲ. ಸಿಲಿಂಡರಿನ ಭುಜದ ಮೇಲೆ ಅದರ ನೀರಿನ ಗಾತ್ರ, ಅಂದರೆ ಅದು ಎಷ್ಟು ಲೀಟರ್ ನೀರು ಹಿಡಿಯುತ್ತದೆ ಎಂಬುದು, ಕೊರೆದಿರುತ್ತದೆ. ಅದನ್ನು ಬಾರ್ ಅಳತೆಯ ಒತ್ತಡದಿಂದ ಗುಣಿಸಿದರೆ ಸಿಗುವುದೇ ಒಳಗಿನ ಅನಿಲದ ಲೀಟರ್. ಬಿ ಟೈಪ್ ಸಿಲಿಂಡರ್ ಸುಮಾರು 10 ಲೀಟರಿನದು. 150ರವರೆಗೆ ತುಂಬಿದ್ದರೆ 1500 ಲೀಟರ್. ನಿಮ್ಮದು 50 ಇತ್ತು, ಅಂದರೆ 500. ಕೊನೆಯ 10ನ್ನು ಲೆಕ್ಕದಿಂದ ಬಿಟ್ಟುಬಿಡಿ, ಉಳಿದದ್ದು 400. ರಿಸರ್ವಾಯರ್ (ಆಮ್ಲಜನಕ ತುಂಬಿಕೊಳ್ಳುವ ಇನ್ನೊಂದು ಚೀಲ) ಇರುವ ಅಂಬು ಬ್ಯಾಗಿಗೆ ನಿಮಿಷಕ್ಕೆ 15 ಲೀಟರ್ ಬಿಟ್ಟಿದ್ದರೆ 26 ನಿಮಿಷ. ಅದೇ ಒತ್ತಡದ ಎ ಟೈಪ್ ಸಣ್ಣ ಸಿಲಿಂಡರ್ ಆಗಿದ್ದರೆ ಅದರ ಅರ್ಧ, 13 ನಿಮಿಷ. ನೀವು ಎ ಟೈಪನ್ನು ಬಿ ಎಂದು ಲೆಕ್ಕ ಹಾಕಿರಬಹುದು, ಇಲ್ಲವೇ ಸೋರುತ್ತಿತ್ತು. ರೆಗ್ಯುಲೇಟರ್ ಮತ್ತು ವಾಲ್ವಿನ ನಡುವಿನ ವಾಷರ್ ಹರಿದಿದ್ದರೆ ಸಣ್ಣಗೆ ಸುಸ್ ಎನ್ನುತ್ತದೆ, ಎಂಜಿನ್ ಸದ್ದಿನಲ್ಲಿ ಕೇಳಿಸುವುದಿಲ್ಲ. ಎಂಜಿನ್ ಆರಿಸಿ ಕಿವಿಗೊಟ್ಟು ನೋಡಿ. ವಾಷರ್ ಬದಲಿಸಿ. ಬಿಗಿಯಾಗಲಿ ಎಂದು ಗ್ರೀಸ್, ಎಣ್ಣೆ ಹಚ್ಚುವ ಅಭ್ಯಾಸ ಕೆಲವು ಕಡೆ ಇದೆ. ಒತ್ತಡದ ಆಮ್ಲಜನಕಕ್ಕೆ ಎಣ್ಣೆ ತಾಗಿದರೆ ಹೊತ್ತಿಕೊಳ್ಳುತ್ತದೆ, ಹಚ್ಚಲೇಬೇಡಿ.

ಮುಗಿದೇ ಹೋದರೆ ಬ್ಯಾಗ್ ಒತ್ತುವುದನ್ನು ನಿಲ್ಲಿಸಬೇಡಿ. ಅಂಬು ಬ್ಯಾಗ್ ಸಿಲಿಂಡರ್ ಇಲ್ಲದೆಯೂ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ಅದರಲ್ಲಿ 21% ಆಮ್ಲಜನಕ ಇದ್ದೇ ಇದೆ. ಆದರೆ ಬರೀ ಮಾಸ್ಕ್ ಹಾಕಿಸಿಕೊಂಡು ತಾವೇ ಉಸಿರಾಡುತ್ತಿರುವ ರೋಗಿಯ ಮುಖದಿಂದ ಆ ಮಾಸ್ಕನ್ನು ಕೂಡಲೇ ತೆಗೆಯಿರಿ. ಹರಿವು ನಿಂತ ಮಾಸ್ಕಿನಲ್ಲಿ ಅವರು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿರುತ್ತಾರೆ.